ಜಾವಾ ಇದೆ ಅನ್ನುತ್ತೆ, ಇಲ್ಲ ಅಂತಲೂ ಅನ್ನುತ್ತೆ: ಒಂದು ಪ್ರಕರಣ ಅಧ್ಯಯನ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೈ ಪಳಗಿದ ಮಹಿಳೆಯೊಬ್ಬರು, ಜಾವಾ ಎಂಬ ಇನ್ನೊಂದು ಭಾಷೆಯ ಒಂದು ಪುಟ್ಟ ಪ್ರೋಗ್ರಾಂ ಓಡಿಸಲು ಹೊರಟ ಪ್ರಕರಣ ಇದು. ಪ್ರೋಗ್ರಾಂ ಅವರು ಬರೆದದ್ದಲ್ಲ, ಕೆಲಸ ಬಿಟ್ಟುಹೋದ ಸಹೋದ್ಯೋಗಿಯೊಬ್ಬರು ಬರೆದಿಟ್ಟದ್ದು. ಒಂದು ಪಠ್ಯ ಫೈಲಿನಲ್ಲಿರುವ ಹೆಸರು ಮತ್ತು ಮೊತ್ತಗಳನ್ನು ಸಾಲು ಸಾಲಾಗಿ ಓದುವುದು, ಹೆಸರುವಾರು ಕೂಡಿಸುವುದು, ಪರದೆಯ ಮೇಲೆ ತೋರಿಸುವುದು. ಅಷ್ಟೇ ಅದರ ಕೆಲಸ. ಒಂದೇ ಫೈಲು, ಒಂದೇ ಕ್ಲಾಸು (ಜಾವಾದಲ್ಲಿ ಕೋಡನ್ನು ಕಟ್ಟಿಡುವ ಘಟಕ). ಕ್ಲಾಸಿನ ಹೆಸರು ‘ಲೆಕ್ಕ’, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದು, ಮೊದಲ ಅಕ್ಷರ ದೊಡ್ಡದು.

ಕೋಡಿನಲ್ಲಿ ದೋಷವಿರಲಿಲ್ಲ. ಆರಂಭದಿಂದ ಕೊನೆಯ ತನಕ ಅದರ ಒಂದು ಅಕ್ಷರವನ್ನೂ ಬದಲಿಸಬೇಕಾಗಲಿಲ್ಲ. ಆದರೂ ಆಕೆ ನನಗೆ ಫೋನ್ ಮಾಡುವ ಹೊತ್ತಿಗೆ ದಿನಗಟ್ಟಲೆ ಒದ್ದಾಡಿ, ‘ಜಾವಾ ನನಗೆ ಒಗ್ಗಲ್ಲ ಸರ್’ ಎನ್ನುವ ತೀರ್ಮಾನಕ್ಕೆ ಬಂದಾಗಿತ್ತು. ಜಾವಾದ ಒಂದು ಸಾಲನ್ನೂ ಅವರು ಇನ್ನೂ ಓದಿರಲಿಲ್ಲ ಎನ್ನುವುದು ಬೇರೆ ಮಾತು.

ಹೊಸ ಭಾಷೆ ಕಷ್ಟ ಎನ್ನುವವರಲ್ಲಿ ಬಹಳ ಮಂದಿ ಭಾಷೆಯ ಹತ್ತಿರಕ್ಕೂ ಹೋಗಿರುವುದಿಲ್ಲ. ಭಾಷೆಯ ಹೊರಗಿನ ಅಂಗಳದಲ್ಲೇ, ಅಂದರೆ ಕಮಾಂಡ್ ಕಿಟಕಿ, ಫೋಲ್ಡರು, ಪಾತ್ (ಕಮಾಂಡುಗಳನ್ನು ಹುಡುಕಬೇಕಾದ ಫೋಲ್ಡರುಗಳ ಪಟ್ಟಿ), ವರ್ಷನ್ನು ಇವುಗಳ ನಡುವೆಯೇ ಸುಸ್ತಾಗಿರುತ್ತಾರೆ. ಈ ಅಂಗಳದಲ್ಲಿ ಮಾತಾಡುವವರು ಒಬ್ಬರಲ್ಲ. ನಮ್ಮ ಕಮಾಂಡುಗಳನ್ನು ಕೇಳಿಸಿಕೊಳ್ಳುವ ಶೆಲ್ ಒಂದು ಮಾತಾಡುತ್ತದೆ, ಬರೆದ ಕೋಡನ್ನು ಓಡಿಸಬಲ್ಲ ರೂಪಕ್ಕೆ ತರುವ ಕಂಪೈಲರ್ ಒಂದು, ಅದನ್ನು ಓಡಲು ಹೊರಡಿಸುವ ಲಾಂಚರ್ ಒಂದು, ಓಡಿಸುವ ವರ್ಚುವಲ್ ಮಶೀನ್ ಮತ್ತೊಂದು, ಕೊನೆಗೆ ಪ್ರೋಗ್ರಾಂ ತಾನೇ. ಎಲ್ಲರ ದೂರೂ ಒಂದೇ ಕಪ್ಪು ಕಿಟಕಿಯಲ್ಲಿ, ಒಂದೇ ಅಕ್ಷರ ಶೈಲಿಯಲ್ಲಿ ಬೀಳುವುದರಿಂದ ಹೊಸಬರಿಗೆ ಎಲ್ಲವೂ ‘ಜಾವಾ ಎರರ್’. ನಾನು ಪರದೆ ಹಂಚಿಕೊಂಡು ನೋಡುತ್ತಾ ಕೂತೆ. ಕೀಬೋರ್ಡು ಅವರ ಕೈಯಲ್ಲೇ ಇತ್ತು. ಪ್ರತಿ ಸಂದೇಶಕ್ಕೂ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಇದನ್ನ ಹೇಳ್ತಿರೋದು ಯಾರು?’

ಜಾವಾ ಇದೆ, ಜಾವಾಸಿ ಇಲ್ಲ

ಮೊದಲ ತೊಡಕು ಹೀಗಿತ್ತು. ‘ಜಾವಾ -ವರ್ಷನ್’ ಎಂದು ಟೈಪ್ ಮಾಡಿದರೆ ಉತ್ತರ ಬರುತ್ತಿತ್ತು: 1.8.0, ಮುಂದೊಂದು ಸಂಖ್ಯೆ. ಜಾವಾದ ಕಂಪೈಲರ್ ಆದ ಜಾವಾಸಿಯನ್ನು ಕರೆದು ‘ಜಾವಾಸಿ ಲೆಕ್ಕ.ಜಾವಾ’ ಎಂದರೆ, ಇದು ಒಳಗಿನ ಅಥವಾ ಹೊರಗಿನ ಕಮಾಂಡ್ ಎಂದು ಗುರುತು ಸಿಗುತ್ತಿಲ್ಲ ಎಂಬ ಉತ್ತರ. ‘ಜಾವಾ ಇದೆಯಲ್ಲ ಸರ್, ಮತ್ತೆ ಯಾಕೆ ಇಲ್ಲ ಅಂತಿದೆ?’ ಎನ್ನುವುದು ಅವರ ಪ್ರಶ್ನೆ. ಇದೇ ಗೊಂದಲದಲ್ಲಿ ಅವರು ಇದ್ದ ಜಾವಾವನ್ನು ಸಾಫ್ಟ್‌ವೇರ್ ಹಾಕುವ ಅಧಿಕಾರವಿದ್ದವರಿಂದ ತೆಗೆಸಿ, ಮತ್ತೆ ಹಾಕಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಮತ್ತೆ ಅದೇ ಜಾಗಕ್ಕೆ ಬಂದು ನಿಂತಿದ್ದರು.

ಇಲ್ಲಿ ದೂರುತ್ತಿರುವುದು ವಿಂಡೋಸ್‌ನ ಕಮಾಂಡ್ ಶೆಲ್. ಜಾವಾದ ಯಾವ ಭಾಗವೂ ಇನ್ನೂ ಬಾಯಿಯೇ ತೆರೆದಿಲ್ಲ. ಶೆಲ್ ಹೇಳಿದ್ದು ಇಷ್ಟೇ: ‘ನನಗೆ ಕೊಟ್ಟಿರುವ ಫೋಲ್ಡರುಗಳ ಪಟ್ಟಿಯಲ್ಲೆಲ್ಲ ಹುಡುಕಿದೆ, ಆ ಹೆಸರಿನ ಪ್ರೋಗ್ರಾಂ ಸಿಗಲಿಲ್ಲ.’ ಸಿಗದಿರಲು ಕಾರಣ ಸರಳ. ಅವರ ಯಂತ್ರದಲ್ಲಿದ್ದದ್ದು ಜೆಆರ್‌ಇ, ಅಂದರೆ ಈಗಾಗಲೇ ಕಂಪೈಲ್ ಆದ ಜಾವಾ ಪ್ರೋಗ್ರಾಂಗಳನ್ನು ಓಡಿಸಲು ಬೇಕಾದಷ್ಟು ಮಾತ್ರ. ಕಂಪೈಲರ್ ಬರುವುದು ಪ್ರೋಗ್ರಾಂ ಬರೆಯುವವರಿಗಾಗಿ ಇರುವ ಜೆಡಿಕೆಯ ಜೊತೆಗೆ. ಬೇರೆ ಯಾವುದೋ ಹಳೆಯ ಸಾಫ್ಟ್‌ವೇರಿಗಾಗಿ ಯಾರೋ ಹಿಂದೆ ಹಾಕಿಟ್ಟಿದ್ದ ಜೆಆರ್‌ಇ ಅದು. ಅದನ್ನು ಎಷ್ಟು ಸಲ ಮರಳಿ ಹಾಕಿದರೂ ಅದರೊಳಗೆ ಇಲ್ಲದ ಜಾವಾಸಿ ಹುಟ್ಟುವುದಿಲ್ಲ.

ಪೈಥಾನ್‌ನಿಂದ ಬಂದವರಿಗೆ ಈ ಓಡಿಸುವುದು, ಕಂಪೈಲ್ ಮಾಡುವುದು ಎಂಬ ಎರಡು ಹೆಜ್ಜೆಗಳೇ ವಿಚಿತ್ರವಾಗಿ ಕಾಣುತ್ತವೆ. ಪೈಥಾನ್ ಕೂಡ ಕಂಪೈಲ್ ಮಾಡುತ್ತದೆ. ಇಂಪೋರ್ಟ್ ಮಾಡಿದ ಫೈಲುಗಳ ಬೈಟ್‌ಕೋಡನ್ನು, ಅಂದರೆ ಕಂಪೈಲ್ ಆದ ರೂಪವನ್ನು, ‘ಪೈಕ್ಯಾಶ್’ ಎಂಬ ಫೋಲ್ಡರಿನಲ್ಲಿ ಸದ್ದಿಲ್ಲದೆ ಇಟ್ಟುಕೊಳ್ಳುತ್ತದೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಜಾವಾ ಅದೇ ಕೆಲಸವನ್ನು ಎರಡು ಕಮಾಂಡುಗಳಾಗಿ ನಮ್ಮ ಕೈಗೆ ಕೊಡುತ್ತದೆ. ಆ ಫೋಲ್ಡರನ್ನು ತೆರೆದು ತೋರಿಸಿದ ಮೇಲೆ ಆಕೆಗೆ ಜಾವಾಸಿ ಯಾಕೆ ಬೇಕು ಎಂಬುದು ಹೆಚ್ಚು ವಿವರಿಸದೆಯೇ ಹೊಳೆಯಿತು.

ಆ ಯಂತ್ರದಲ್ಲಿ ಅವರಿಗೆ ಅಡ್ಮಿನ್ ಅಧಿಕಾರ ಇರಲಿಲ್ಲ. ಹಾಗಾಗಿ ಇನ್‌ಸ್ಟಾಲರ್ ಬಿಟ್ಟು, ಜಿಪ್ ರೂಪದಲ್ಲಿ ಸಿಗುವ ಜೆಡಿಕೆ 21 ಅನ್ನು ಇಳಿಸಿಕೊಂಡು ಒಂದು ಫೋಲ್ಡರಿನಲ್ಲಿ ಬಿಚ್ಚಿಕೊಂಡರು. 2023ರ ಸೆಪ್ಟೆಂಬರಿನಲ್ಲಿ ಬಂದ, ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ ಅದು. 1.8 ಮತ್ತು 21ರ ನಡುವಿನ ಅಂತರ ನೋಡಿ ಅವರು ಗಾಬರಿಯಾದರು. 1.8 ಎನ್ನುವುದು ಜಾವಾ 8ರ ಹಳೆಯ ಬಗೆಯ ಬರವಣಿಗೆ ಅಷ್ಟೇ, 9ರಿಂದ ಮುಂದೆ ಆ ‘1.’ ಬಿಟ್ಟುಹೋಗಿದೆ. 8 ಬಂದದ್ದು 2014ರಲ್ಲಿ.

ಬಿಚ್ಚಿದ ಫೋಲ್ಡರಿನೊಳಗಿನ ‘ಬಿನ್’ ಅನ್ನು ತಮ್ಮ ಬಳಕೆದಾರ ಪಾತ್‌ಗೆ ಸೇರಿಸಿದರು. ಮತ್ತೆ ಜಾವಾಸಿ ಎಂದರು. ಮತ್ತೆ ಗುರುತಿಲ್ಲ. ತೆರೆದಿದ್ದ ಕಿಟಕಿಯನ್ನು ಮುಚ್ಚಿ ಹೊಸದನ್ನು ತೆರೆಯಲು ಹೇಳಿದೆ, ಬಂತು. ಕಮಾಂಡ್ ಕಿಟಕಿ ಪಾತ್‌ನ ಒಂದು ನಕಲನ್ನು ತಾನು ಶುರುವಾಗುವಾಗಲೇ ತೆಗೆದುಕೊಂಡು ಬಿಡುತ್ತದೆ. ಆಮೇಲೆ ನೀವು ಸೆಟ್ಟಿಂಗ್ಸ್‌ನಲ್ಲಿ ಏನೇ ಬದಲಿಸಿದರೂ ಆ ಕಿಟಕಿಗೆ ಗೊತ್ತಾಗುವುದಿಲ್ಲ. ಎಷ್ಟೋ ಜನ ಸರಿಯಾಗಿ ಮಾಡಿದ್ದನ್ನು ತಪ್ಪೆಂದು ಅಳಿಸುವುದು ಇದೇ ಗಳಿಗೆಯಲ್ಲಿ.

ಇಲ್ಲದ ಫೈಲು, ಸದ್ದಿಲ್ಲದ ಯಶಸ್ಸು

ಈಗ ‘ಜಾವಾಸಿ ಲೆಕ್ಕ.ಜಾವಾ’ ಕೊಟ್ಟರೆ, ಲೆಕ್ಕ.ಜಾವಾ ಎಂಬ ಫೈಲು ಸಿಗಲಿಲ್ಲ ಎಂಬ ಸಂದೇಶ ಬಂತು. ಆಕೆಯ ಮುಖ ಬಾಡಿತು, ನನಗೆ ಖುಷಿಯಾಯಿತು. ‘ಯಾರು ಹೇಳ್ತಿರೋದು?’ ಎಂದೆ. ಸ್ವಲ್ಪ ಹೊತ್ತು ನೋಡಿ, ‘ಜಾವಾಸಿನೇ ಅಲ್ವಾ ಸರ್? ಅಂದ್ರೆ ಅದು ಸಿಕ್ತು’ ಎಂದರು. ಹೌದು. ‘ಇಲ್ಲ’ ಎನ್ನುವ ಮಾತು ಅದೇ ಇದ್ದರೂ, ಮುಂಚೆ ಇಲ್ಲವಾಗಿದ್ದದ್ದು ಕಂಪೈಲರ್, ಈಗ ಇಲ್ಲವಾಗಿರುವುದು ನಮ್ಮ ಫೈಲು. ಒಂದು ಮೆಟ್ಟಿಲು ಮೇಲೆ ಬಂದಿದ್ದೇವೆ.

ಫೈಲು ಮಾತ್ರ ಕಣ್ಣೆದುರಿಗೇ ಇತ್ತು. ಫೈಲ್ ಎಕ್ಸ್‌ಪ್ಲೋರರಿನಲ್ಲಿ ‘ಲೆಕ್ಕ.ಜಾವಾ’ ಎಂದೇ ಕಾಣುತ್ತಿತ್ತು. ಕಮಾಂಡ್ ಕಿಟಕಿಯಲ್ಲಿ, ಫೋಲ್ಡರಿನಲ್ಲಿರುವುದನ್ನು ಪಟ್ಟಿ ಮಾಡುವ ‘ಡಿಐಆರ್’ ಕೊಟ್ಟಾಗ ನಿಜವಾದ ಹೆಸರು ಹೊರಬಿತ್ತು: ಲೆಕ್ಕ.ಜಾವಾ.ಟಿಎಕ್ಸ್‌ಟಿ. ಮೇಲ್‌ನಲ್ಲಿ ಬಂದಿದ್ದ ಕೋಡನ್ನು ನೋಟ್‌ಪ್ಯಾಡಿಗೆ ಅಂಟಿಸಿ ಸೇವ್ ಮಾಡುವಾಗ ಅದು ಪಠ್ಯ ಫೈಲಿನ ಬಾಲವನ್ನು ತಾನಾಗಿ ಸೇರಿಸಿತ್ತು. ಗೊತ್ತಿರುವ ಬಗೆಯ ಫೈಲುಗಳ ಬಾಲವನ್ನು ಎಕ್ಸ್‌ಪ್ಲೋರರ್ ಬಚ್ಚಿಡುವುದರಿಂದ ಅದು ಕಾಣುತ್ತಿರಲಿಲ್ಲ. ಪ್ರೋಗ್ರಾಂ ಬರೆಯಲು ಕೂರುವವರು ಭಾಷೆಗಿಂತ ಮೊದಲು ಈ ಬಚ್ಚಿಡುವ ಸೆಟ್ಟಿಂಗನ್ನು ಆಫ್ ಮಾಡಬೇಕು ಎಂಬುದು ನನ್ನ ಹಟ.

ಹೆಸರು ಸರಿಪಡಿಸಿ ಮತ್ತೆ ಕಂಪೈಲ್ ಮಾಡಿದರು. ಏನೂ ಆಗಲಿಲ್ಲ. ಒಂದು ಸಾಲೂ ಬರದೆ ಮುಂದಿನ ಪ್ರಾಂಪ್ಟ್ ಬಂದು ನಿಂತಿತು. ‘ಮತ್ತೆ ಕೆಟ್ಟಿತಾ?’ ಎಂದರು. ಜಾವಾಸಿಗೆ ಹೇಳಲು ದೂರಿಲ್ಲದಿದ್ದರೆ ಅದು ಸುಮ್ಮನಿರುತ್ತದೆ. ಡಿಐಆರ್ ಮಾಡಿದರೆ ಪಕ್ಕದಲ್ಲಿ ಲೆಕ್ಕ.ಕ್ಲಾಸ್ ಎಂಬ ಹೊಸ ಫೈಲು ಹುಟ್ಟಿತ್ತು.

ಲಾಂಚರಿಗೆ ಬೇಕಾದದ್ದು ಫೈಲಲ್ಲ

ಹುಟ್ಟಿದ ಫೈಲನ್ನು ಓಡಿಸಬೇಕು, ಹಾಗಾಗಿ ‘ಜಾವಾ ಲೆಕ್ಕ.ಕ್ಲಾಸ್’ ಎಂದರು. ಯಾರಾದರೂ ಅದನ್ನೇ ಮಾಡುತ್ತಾರೆ, ಪೈಥಾನ್ ಅಭ್ಯಾಸವೂ ಅದನ್ನೇ ಹೇಳುತ್ತದೆ. ಬಂದ ಸಂದೇಶ: ‘ಲೆಕ್ಕ.ಕ್ಲಾಸ್’ ಎಂಬ ಮುಖ್ಯ ಕ್ಲಾಸು ಸಿಗಲಿಲ್ಲ, ಅಥವಾ ಲೋಡ್ ಮಾಡಲು ಆಗಲಿಲ್ಲ.

ಇಲ್ಲಿ ಮಾತಾಡುತ್ತಿರುವುದು ಲಾಂಚರ್, ಅಂದರೆ ‘ಜಾವಾ’ ಎಂಬ ಕಮಾಂಡ್. ಅದು ಕೇಳುವುದು ಕ್ಲಾಸಿನ ಹೆಸರನ್ನು, ಫೈಲಿನ ಹೆಸರನ್ನಲ್ಲ. ಜಾವಾದಲ್ಲಿ ಚುಕ್ಕಿ ಪ್ಯಾಕೇಜನ್ನೂ (ಕ್ಲಾಸುಗಳ ಗುಂಪು) ಕ್ಲಾಸನ್ನೂ ಬೇರ್ಪಡಿಸುವ ಗುರುತು. ಆದ್ದರಿಂದ ‘ಲೆಕ್ಕ.ಕ್ಲಾಸ್’ ಎಂದರೆ ಲಾಂಚರಿಗೆ ಕೇಳಿಸುವುದು ‘ಲೆಕ್ಕ ಎಂಬ ಪ್ಯಾಕೇಜಿನೊಳಗಿನ ಕ್ಲಾಸ್ ಎಂಬ ಕ್ಲಾಸು’. ಅಂಥದ್ದು ಎಲ್ಲಿಯೂ ಇಲ್ಲ, ಸಿಗಲಿಲ್ಲ ಎಂದಿತು.

ಬಾಲ ತೆಗೆದು ಬರೀ ‘ಜಾವಾ ಲೆಕ್ಕ’ ಎಂದರೂ ಅದೇ ಸಂದೇಶ. ಒಂದೇ ಮಾತು, ಕಾರಣ ಮಾತ್ರ ಬೇರೆ. ಈ ಸಲದ ಕಾರಣ ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು. ಎಲ್ಲೋ ಓದಿದ ಹಳೆಯ ಸೂಚನೆಯೊಂದನ್ನು ನಂಬಿ ಆಕೆ ‘ಕ್ಲಾಸ್‌ಪಾತ್’ ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್ (ಪ್ರೋಗ್ರಾಂಗಳು ಓದಿಕೊಳ್ಳುವ, ಹೆಸರಿಟ್ಟ ಸೆಟ್ಟಿಂಗ್) ಮಾಡಿ, ಅದರಲ್ಲಿ ಜಾವಾದ ‘ಲಿಬ್’ ಫೋಲ್ಡರನ್ನು ತುಂಬಿದ್ದರು. ಈ ವೇರಿಯೇಬಲ್ ಇಲ್ಲದಿದ್ದರೆ ಲಾಂಚರ್ ನಾವು ನಿಂತಿರುವ ಫೋಲ್ಡರಿನಲ್ಲೇ ಕ್ಲಾಸನ್ನು ಹುಡುಕುತ್ತದೆ. ಇದ್ದರೆ, ಅದರಲ್ಲಿ ಬರೆದಿರುವ ಕಡೆ ಮಾತ್ರ ಹುಡುಕುತ್ತದೆ, ಕಾಲಬುಡದಲ್ಲಿರುವ ಫೈಲು ಅದಕ್ಕೆ ಕಾಣುವುದೇ ಇಲ್ಲ. ಆ ವೇರಿಯೇಬಲನ್ನು ಅಳಿಸಿದ್ದೇ ಪರಿಹಾರ. ಜಾವಾ ಕಲಿಸುವ ಬರಹಗಳಲ್ಲಿ ಈ ಸಲಹೆ ಇನ್ನೂ ಸುತ್ತಾಡುತ್ತಿದೆ. ಹೊಸಬರಿಗೆ ಇದರಿಂದ ಲಾಭವಾದದ್ದನ್ನು ನಾನು ಕಂಡಿಲ್ಲ.

65 ಮತ್ತು 52

ಇಡೀ ಪ್ರಕರಣದ ಗಂಟು ಇಲ್ಲಿತ್ತು. ಹೊಸ ಕಿಟಕಿಯಲ್ಲಿ ‘ಜಾವಾ ಲೆಕ್ಕ’ ಎಂದಾಗ ಈ ಸಲ ಉದ್ದನೆಯ ಸಂದೇಶ ಬಂತು. ಮೇಲಿನ ಸಾಲುಗಳಲ್ಲೇ ಸಾರ ಇತ್ತು: ಈ ಕ್ಲಾಸ್ ಫೈಲಿನ ಆವೃತ್ತಿ 65.0, ಆದರೆ ಇಲ್ಲಿರುವ ಜಾವಾ ರನ್‌ಟೈಮ್ ಗುರುತಿಸುವುದು 52.0ರ ವರೆಗೆ ಮಾತ್ರ. ಕೆಳಗೆ ಹತ್ತಾರು ಸಾಲು ಒಳಗಿನ ವಿವರ.

ಆಕೆ ಓದಿದ್ದು ಕೊನೆಯ ಸಾಲನ್ನು. ತಪ್ಪು ಅವರದಲ್ಲ. ಪೈಥಾನ್‌ನ ಟ್ರೇಸ್‌ಬ್ಯಾಕ್, ಅಂದರೆ ದೋಷದ ವರದಿ, ಶುರುವಾಗುವುದೇ, ತೀರಾ ಇತ್ತೀಚಿನ ಕರೆ ಕೊನೆಯಲ್ಲಿದೆ ಎಂಬ ಸೂಚನೆಯಿಂದ. ಅಲ್ಲಿ ಕೆಳಗಿನ ಸಾಲೇ ಮುಖ್ಯ. ಜಾವಾದಲ್ಲಿ ಮೇಲಿನ ಸಾಲು ಮುಖ್ಯ. ಒಂದರೊಳಗೊಂದು ದೋಷ ಸುತ್ತಿಕೊಂಡಿದ್ದಾಗ ಮಾತ್ರ ಕೆಳಗೆ ‘ಇದರಿಂದಾಗಿ’ ಎಂದು ಶುರುವಾಗುವ ಸಾಲನ್ನು ಹುಡುಕಬೇಕು. ಕಣ್ಣಿನ ಅಭ್ಯಾಸವನ್ನು ತಲೆಕೆಳಗು ಮಾಡಿಕೊಳ್ಳುವುದು ಸಿಂಟ್ಯಾಕ್ಸ್ ಕಲಿಯುವುದಕ್ಕಿಂತ ನಿಧಾನ.

ಈಗ ಮಾತಾಡುತ್ತಿರುವುದು ವರ್ಚುವಲ್ ಮಶೀನ್. ಫೈಲು ಸಿಕ್ಕಿದೆ, ತೆರೆದಿದೆ, ಒಳಗಿನದು ತನಗೆ ಓದಲು ಬರುವುದಿಲ್ಲ ಎನ್ನುತ್ತಿದೆ. ಆ 65 ಎಲ್ಲಿಂದ ಬಂತು ಎಂದು ತೋರಿಸುವುದು ಒಳ್ಳೆಯದೆನಿಸಿತು. ವಿಂಡೋಸ್‌ನ ಇನ್ನೊಂದು ಶೆಲ್ ಆದ ಪವರ್‌ಶೆಲ್‌ನಲ್ಲಿ ‘ಫಾರ್ಮ್ಯಾಟ್-ಹೆಕ್ಸ್’ ಎಂಬ ಕಮಾಂಡಿಗೆ ಲೆಕ್ಕ.ಕ್ಲಾಸ್ ಕೊಟ್ಟರೆ ಅದರ ಬೈಟುಗಳು ಹದಿನಾರರ ಎಣಿಕೆಯಲ್ಲಿ ಕಾಣುತ್ತವೆ. ಎಲ್ಲ ಕ್ಲಾಸ್ ಫೈಲುಗಳೂ ಶುರುವಾಗುವುದು ಒಂದೇ ನಾಲ್ಕು ಬೈಟುಗಳಿಂದ: ಸಿಎ, ಎಫ್‌ಇ, ಬಿಎ, ಬಿಇ. ಜೋಡಿಸಿ ಓದಿದರೆ ‘ಕೆಫೆಬೇಬ್’, ಜಾವಾ ಕಟ್ಟಿದವರ ತಮಾಷೆ. ಅದರ ಮುಂದಿನ ಎರಡು ಬೈಟು ಉಪ ಆವೃತ್ತಿ, ಇಲ್ಲಿ ಸೊನ್ನೆ. ನಂತರದ ಎರಡು ಬೈಟು ಮುಖ್ಯ ಆವೃತ್ತಿ. ಅಲ್ಲಿ 00 41 ಎಂದಿತ್ತು. ಹದಿನಾರರ ಎಣಿಕೆಯ 41 ಎಂದರೆ ನಾಲ್ಕು ಹದಿನಾರಲೆ ಅರವತ್ತನಾಲ್ಕು, ಜೊತೆಗೊಂದು, ಅರವತ್ತೈದು. ಜಾವಾದ ಸಂಖ್ಯೆಗೆ 44 ಕೂಡಿಸಿದರೆ ಈ ಸಂಖ್ಯೆ ಬರುತ್ತದೆ: 8ಕ್ಕೆ 52, 11ಕ್ಕೆ 55, 17ಕ್ಕೆ 61, 21ಕ್ಕೆ 65. ‘ಅಂದ್ರೆ ಕಂಪೈಲ್ ಮಾಡಿದ್ದು 21, ಓಡಿಸ್ತಿರೋದು 8’ ಎಂದರು ಆಕೆ, ನಾನು ಬಾಯಿ ಬಿಡುವ ಮೊದಲೇ.

ಯಾಕೆ ಹಾಗಾಯಿತು? ‘ವೇರ್ ಜಾವಾ’ ಎಂದು ಕೇಳಿದರೆ ಪಾತ್‌ನಲ್ಲಿ ಆ ಹೆಸರು ಎಲ್ಲೆಲ್ಲಿ ಸಿಗುತ್ತದೆ ಎಂದು ಕ್ರಮವಾಗಿ ಹೇಳುತ್ತದೆ. ಆಕೆ ಕೇಳಿದರು, ಒಂದು ಸಾಲೂ ಬರಲಿಲ್ಲ. ಬೈಟು ನೋಡಲು ತೆರೆದ ಪವರ್‌ಶೆಲ್ ಕಿಟಕಿಯಲ್ಲೇ ಕೇಳಿದ್ದರು. ಅಲ್ಲಿ ‘ವೇರ್’ ಎನ್ನುವುದು ಸೋಸುವ ಬೇರೊಂದು ಕಮಾಂಡಿನ ಅಡ್ಡಹೆಸರು. ಪವರ್‌ಶೆಲ್‌ನಲ್ಲಿ ‘ವೇರ್.ಇಎಕ್ಸ್‌ಇ’ ಎಂದು ಪೂರ್ತಿ ಹೇಳಬೇಕು. ಹಾಗೆ ಹೇಳಿದ ಮೇಲೆ ಎರಡು ಸಾಲು ಬಂದವು. ಮೊದಲನೆಯದು ‘ಜಾವಾಪಾತ್’ ಎಂಬ ಫೋಲ್ಡರಿನ ಜಾವಾ, ಎರಡನೆಯದು ಅವರು ಬಿಚ್ಚಿಟ್ಟ ಜೆಡಿಕೆ 21ರದ್ದು. ‘ವೇರ್.ಇಎಕ್ಸ್‌ಇ ಜಾವಾಸಿ’ ಎಂದರೆ ಒಂದೇ ಸಾಲು, ಜೆಡಿಕೆ 21ರದ್ದು.

ಜಾವಾ 8ರ ಇನ್‌ಸ್ಟಾಲರ್ ಈ ಜಾವಾಪಾತ್ ಫೋಲ್ಡರನ್ನು ಸಿಸ್ಟಂ ಪಾತ್‌ನ ತಲೆಯಲ್ಲೇ ಸೇರಿಸುತ್ತದೆ. ಅದರಲ್ಲಿ ಓಡಿಸುವ ಕಮಾಂಡುಗಳಿವೆ, ಕಂಪೈಲರ್ ಇಲ್ಲ. ಆದ್ದರಿಂದ ಶೆಲ್ ‘ಜಾವಾ’ ಹುಡುಕಿದಾಗ ಹಳೆಯದು ಮೊದಲು ಸಿಗುತ್ತದೆ, ಅಲ್ಲಿಗೇ ನಿಲ್ಲಿಸುತ್ತದೆ. ‘ಜಾವಾಸಿ’ ಹುಡುಕಿದಾಗ ಅಲ್ಲಿ ಸಿಗದೆ ಮುಂದೆ ಹೋಗಿ ಹೊಸದನ್ನು ಹಿಡಿಯುತ್ತದೆ. ಒಂದೇ ಪಟ್ಟಿ, ಒಂದೇ ಕ್ರಮ, ಎರಡು ಬೇರೆ ಕಾಲದ ಉತ್ತರ.

‘ನಾನು ಜೆಡಿಕೆನ ಲಿಸ್ಟಲ್ಲಿ ಎಲ್ಲಕ್ಕಿಂತ ಮೇಲೆ ಹಾಕಿದೀನಲ್ಲ ಸರ್’ ಎಂದು ಸೆಟ್ಟಿಂಗ್ಸ್ ತೆರೆದು ತೋರಿಸಿದರು. ಹೌದು, ಮೇಲೆಯೇ ಇತ್ತು, ಆದರೆ ಬಳಕೆದಾರ ಪಾತ್‌ನ ಮೇಲೆ. ವಿಂಡೋಸ್ ಎರಡನ್ನೂ ಜೋಡಿಸುವಾಗ ಸಿಸ್ಟಂ ಪಾತನ್ನು ಮೊದಲು ಬರೆದು, ಬಳಕೆದಾರ ಪಾತನ್ನು ಅದರ ಬಾಲಕ್ಕೆ ಅಂಟಿಸುತ್ತದೆ. ಬಳಕೆದಾರ ಪಟ್ಟಿಯಲ್ಲಿ ಮೊದಲನೆಯವರಾದರೂ ಒಟ್ಟು ಸಾಲಿನಲ್ಲಿ ಸಿಸ್ಟಂನ ಕೊನೆಯವರ ಹಿಂದೆಯೇ ನಿಲ್ಲಬೇಕು. ಸಿಸ್ಟಂ ಪಾತ್ ಮುಟ್ಟಲು ಅವರಿಗೆ ಅಧಿಕಾರವಿಲ್ಲ.

ಇಲ್ಲಿ ಪರಿಹಾರಗಳು ಹಲವು ಇದ್ದವು. ಜಾವಾ 8 ಅನ್ನು ಕಿತ್ತುಹಾಕಲು ಯಾರಾದರೂ ಹೇಳಿಯಾರು. ಆದರೆ ಅದನ್ನು ನೆಚ್ಚಿಕೊಂಡ ಹಳೆಯ ಸಾಫ್ಟ್‌ವೇರ್ ಇನ್ನೂ ಬಳಕೆಯಲ್ಲಿತ್ತು, ಒಂದನ್ನು ಓಡಿಸಲು ಇನ್ನೊಂದನ್ನು ನಿಲ್ಲಿಸುವುದು ಪರಿಹಾರವಲ್ಲ. ಜಾವಾಸಿಗೇ ‘ರಿಲೀಸ್ 8’ ಎಂದು ಹೇಳಿ ಹಳೆಯ ಆವೃತ್ತಿಗೆ ಹೊಂದುವ ಕ್ಲಾಸ್ ಫೈಲು ಮಾಡಿಸಬಹುದು. ಮಾಡುತ್ತದೆ ಕೂಡ, 8ರ ಬೆಂಬಲ ಮುಂದೆ ತೆಗೆಯಲಾಗುತ್ತದೆ ಎಂಬ ಎಚ್ಚರಿಕೆಯೊಂದಿಗೆ. ಆ ದಾರಿ ನನಗೆ ಹಿಡಿಸಲಿಲ್ಲ. ರೋಗ ಇರುವುದು ಪಾತ್‌ನ ಕ್ರಮದಲ್ಲಿ, ಔಷಧ ಕೊಡುವುದು ಕಂಪೈಲರಿಗೆ. ನಾಳೆ 9ರ ನಂತರ ಬಂದ ಸೌಲಭ್ಯ ಬಳಸಿದ ಕೋಡು ಕೈಗೆ ಬಂದರೆ ಮತ್ತೆ ಇದೇ ಗೋಡೆಗೆ ಬಡಿಯಬೇಕು.

ಮೊದಲು ಊಹೆ ಸರಿಯೇ ಎಂದು ನೋಡಬೇಕಿತ್ತು. ಜೆಡಿಕೆ 21ರ ಬಿನ್‌ನಲ್ಲಿರುವ ಜಾವಾದ ಪೂರ್ತಿ ವಿಳಾಸವನ್ನೇ ಟೈಪ್ ಮಾಡಿ, ಮುಂದೆ ‘ಲೆಕ್ಕ’ ಎಂದು ಕೊಟ್ಟರು. 65, 52ರ ಮಾತು ಮಾಯವಾಗಿ ಬೇರೆ ದೋಷ ಬಂತು. ಊಹೆ ಸರಿ. ಆಮೇಲೆ ಒಂದು ಪುಟ್ಟ ಬ್ಯಾಚ್ ಫೈಲು, ಅಂದರೆ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲು, ಬರೆದರು. ಅದರ ಮೊದಲ ಸಾಲು ಜೆಡಿಕೆ 21ರ ಬಿನ್ನನ್ನು ಇರುವ ಪಾತ್‌ನ ಮುಂದಕ್ಕೆ ಸೇರಿಸುತ್ತದೆ. ಬದಲಾವಣೆ ಆ ಬ್ಯಾಚ್ ಓಡುವ ಕಿಟಕಿಯ ಮಟ್ಟಿಗೆ ಮಾತ್ರ. ಸಿಸ್ಟಂ ತನ್ನ ಪಾಡಿಗೆ ತಾನಿರುತ್ತದೆ, ಹಳೆಯ ಸಾಫ್ಟ್‌ವೇರ್ ತನ್ನ 8 ಅನ್ನು ಕಾಣುತ್ತಿರುತ್ತದೆ.

ನಿಂತ ಜಾಗ

ಪೂರ್ತಿ ವಿಳಾಸ ಕೊಟ್ಟಾಗ ಬಂದ ಆ ಬೇರೆ ದೋಷ: ಮೊತ್ತಗಳ ಫೈಲು ಸಿಗಲಿಲ್ಲ. ಮೇಲಿಂದ ಕೆಳಗೆ ಓದುತ್ತಾ ಬಂದರೆ, ಜಾವಾದ ಒಳಗಿನ ಕೆಲವು ಸಾಲುಗಳಾದ ಮೇಲೆ ‘ಲೆಕ್ಕ.ಜಾವಾ’ ಎಂಬ ಹೆಸರೂ ಒಂದು ಸಾಲಿನ ಸಂಖ್ಯೆಯೂ ಇದ್ದವು. ಆಕೆ ಮೊದಲ ಸಲ ಕೋಡನ್ನು ತೆರೆದು ಆ ಸಾಲನ್ನು ನೋಡಿದರು. ಈಗ ಮಾತಾಡುತ್ತಿರುವುದು ಪ್ರೋಗ್ರಾಂ ತಾನೇ ಎಂದು ಗುರುತಿಸಿದ್ದೂ ಅವರೇ.

ಅವರ ಮುಖ್ಯ ಫೋಲ್ಡರಿನೊಳಗೆ ಎರಡು ಫೋಲ್ಡರುಗಳಿದ್ದವು, ಒಂದರಲ್ಲಿ ಕೋಡ್, ಇನ್ನೊಂದರಲ್ಲಿ ದತ್ತಾಂಶ. ಪ್ರೋಗ್ರಾಂ ‘ದತ್ತಾಂಶ ಫೋಲ್ಡರಿನೊಳಗಿನ ಫೈಲು’ ಎಂದಷ್ಟೇ ಕೇಳುತ್ತಿತ್ತು. ಎಲ್ಲಿಂದ ಲೆಕ್ಕ ಹಿಡಿದು? ಕ್ಲಾಸ್ ಫೈಲು ಇರುವ ಜಾಗದಿಂದಲ್ಲ, ಕಮಾಂಡ್ ಕೊಟ್ಟಾಗ ನಾವು ನಿಂತಿರುವ ಜಾಗದಿಂದ. ಅದನ್ನು ಬರೆದವರು ಐಡಿಇಯಲ್ಲಿ, ಅಂದರೆ ಕೋಡ್ ಬರೆಯಲೂ ಓಡಿಸಲೂ ಬೇಕಾದ್ದೆಲ್ಲ ಒಂದೇ ಕಡೆ ಇರುವ ಸಾಫ್ಟ್‌ವೇರಿನಲ್ಲಿ, ಓಡಿಸುತ್ತಿದ್ದಿರಬೇಕು. ಐಡಿಇಗಳು ಸಾಮಾನ್ಯವಾಗಿ ಪ್ರಾಜೆಕ್ಟಿನ ಮುಖ್ಯ ಫೋಲ್ಡರಿನಲ್ಲೇ ನಿಂತು ಓಡಿಸುತ್ತವೆ. ಆಕೆ ನಿಂತಿದ್ದದ್ದು ಕೋಡ್ ಫೋಲ್ಡರಿನೊಳಗೆ. ಒಂದು ಹೆಜ್ಜೆ ಮೇಲಕ್ಕೆ ಬಂದರು. ಈಗ ದತ್ತಾಂಶ ಸಿಗುತ್ತದೆ, ಆದರೆ ಕ್ಲಾಸ್ ಸಿಗುವುದಿಲ್ಲ. ಅದಕ್ಕೆ ಲಾಂಚರಿಗೆ ‘-ಸಿಪಿ’ ಕೊಟ್ಟು, ಕ್ಲಾಸನ್ನು ಕೋಡ್ ಫೋಲ್ಡರಿನಲ್ಲಿ ಹುಡುಕು ಎಂದು ಹೇಳಿದರು. ಎನ್ವಿರಾನ್‌ಮೆಂಟ್ ವೇರಿಯೇಬಲ್ ಆಗಿ ಕಾಟ ಕೊಟ್ಟಿದ್ದ ಕ್ಲಾಸ್‌ಪಾತೇ ಇದು, ಈ ಸಲ ಒಂದು ಓಟದ ಮಟ್ಟಿಗೆ ಮಾತ್ರ, ಕಣ್ಣಿಗೆ ಕಾಣುವ ಜಾಗದಲ್ಲಿ. ಬ್ಯಾಚ್ ಫೈಲಿಗೆ ಈ ಸಾಲೂ ಸೇರಿತು.

ಪ್ರೋಗ್ರಾಂ ಓಡಿತು. ಮೊತ್ತಗಳು ಸರಿಯಾಗಿದ್ದವು. ಹೆಸರುಗಳಿರಬೇಕಾದ ಜಾಗದಲ್ಲಿ ಮಾತ್ರ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಹೆಸರುಗಳು ಕನ್ನಡದಲ್ಲಿದ್ದವು.

ಪರದೆಯ ಮೇಲೆ ಚೌಕಗಳು ಬಂದರೆ ಅಕ್ಷರ ತಲುಪಿದೆ, ಅದನ್ನು ಬಿಡಿಸಲು ಫಾಂಟ್ ಇಲ್ಲ ಎಂದು ಸಾಮಾನ್ಯವಾಗಿ ತಿಳಿಯಬಹುದು. ಪ್ರಶ್ನಾರ್ಥಕ ಬಂದರೆ ಅಕ್ಷರ ದಾರಿಯಲ್ಲೇ ಕಳೆದುಹೋಗಿದೆ. ಜಾವಾ 18ರಿಂದ ಫೈಲುಗಳನ್ನು ಓದುವಾಗ ಬೇರೆ ಹೇಳದಿದ್ದರೆ ಯುಟಿಎಫ್-8 (ಕನ್ನಡವನ್ನೂ ಹಿಡಿಸುವ ಅಕ್ಷರ ಸಂಕೇತ ಪದ್ಧತಿ) ಎಂದೇ ಹಿಡಿಯುತ್ತದೆ, ಹಾಗಾಗಿ 21ರಲ್ಲಿ ಓದುವುದು ಸರಿಯಾಗೇ ಆಗಿತ್ತು. ಕನ್ಸೋಲಿಗೆ, ಅಂದರೆ ಆ ಕಪ್ಪು ಕಿಟಕಿಗೆ, ಬರೆಯುವಾಗ ಮಾತ್ರ ಅದು ಕನ್ಸೋಲಿನ ಕೋಡ್ ಪೇಜನ್ನು (ಯಾವ ಸಂಖ್ಯೆ ಯಾವ ಅಕ್ಷರ ಎಂಬ ಪಟ್ಟಿ) ಪಾಲಿಸುತ್ತದೆ. ಆ ಕೋಡ್ ಪೇಜಿನಲ್ಲಿ ಕನ್ನಡಕ್ಕೆ ಜಾಗವಿಲ್ಲದಿದ್ದರೆ ಪ್ರತಿ ಅಕ್ಷರದ ಬದಲಿಗೆ ಒಂದು ಪ್ರಶ್ನಾರ್ಥಕ ಇಟ್ಟುಬಿಡುತ್ತದೆ. ಕಪ್ಪು ಕಿಟಕಿಯಲ್ಲಿ ಕನ್ನಡದ ಒತ್ತಕ್ಷರಗಳು ನೆಟ್ಟಗೆ ಕೂರುವ ಭರವಸೆಯೂ ಇಲ್ಲ. ಆದ್ದರಿಂದ ಕನ್ಸೋಲಿನ ಸಹವಾಸವೇ ಬೇಡವೆಂದು ಔಟ್‌ಪುಟ್ಟಿನ ಎನ್ಕೋಡಿಂಗ್ ಯುಟಿಎಫ್-8 ಇರಲಿ ಎಂದು ಲಾಂಚರಿಗೆ ಮೊದಲೇ ಹೇಳಿ, ಬಂದದ್ದನ್ನು ಒಂದು ಫೈಲಿಗೆ ತಿರುಗಿಸಿದರು. ನೋಟ್‌ಪ್ಯಾಡಿನಲ್ಲಿ ತೆರೆದರೆ ಹೆಸರುಗಳು ಹೆಸರುಗಳಾಗೇ ಇದ್ದವು.

ಹತ್ತಿರದ ದಾರಿ ಇರಲಿಲ್ಲವೇ?

ಇತ್ತು. 2018ರಲ್ಲಿ ಬಂದ ಜಾವಾ 11ರಿಂದ, ಒಂದೇ ಫೈಲಿನ ಪ್ರೋಗ್ರಾಂ ಆದರೆ ‘ಜಾವಾ ಲೆಕ್ಕ.ಜಾವಾ’ ಎಂದರೆ ಸಾಕು, ಕಂಪೈಲ್ ಮಾಡುವುದನ್ನೂ ಓಡಿಸುವುದನ್ನೂ ಅದೇ ನೋಡಿಕೊಳ್ಳುತ್ತದೆ, ಕ್ಲಾಸ್ ಫೈಲು ಕೂಡ ಬಿಡುವುದಿಲ್ಲ. 2025ರ ಸೆಪ್ಟೆಂಬರಿನ ಜಾವಾ 25ರಲ್ಲಂತೂ ಹೊಸಬರನ್ನು ಹೆದರಿಸುತ್ತಿದ್ದ ‘ಪಬ್ಲಿಕ್ ಸ್ಟ್ಯಾಟಿಕ್’ ಮುನ್ನುಡಿಯೂ ಇಲ್ಲದೆ, ಕ್ಲಾಸ್ ಘೋಷಿಸದೆ, ಬರೀ ‘ಮೇನ್’ ಬರೆದು ಓಡಿಸಬಹುದು. ಆದರೆ ಆ ದಿನ ಆಕೆಯ ಕಿಟಕಿಯಲ್ಲಿ ಮೊದಲು ಸಿಗುತ್ತಿದ್ದದ್ದು 8. ಅದಕ್ಕೆ ‘ಜಾವಾ ಲೆಕ್ಕ.ಜಾವಾ’ ಎಂದು ಹೇಳಿದ್ದರೆ, ‘ಲೆಕ್ಕ’ ಪ್ಯಾಕೇಜಿನೊಳಗಿನ ‘ಜಾವಾ’ ಎಂಬ ಕ್ಲಾಸು ಸಿಗಲಿಲ್ಲ ಎಂದೇ ಉತ್ತರ ಕೊಡುತ್ತಿತ್ತು. ಹೊಸ ಸೌಲಭ್ಯ ಸಿಗಬೇಕಾದರೂ ಹೊಸ ಜಾವಾವೇ ಉತ್ತರಿಸಬೇಕು, ಪಾತ್‌ನ ಗಂಟು ಬಿಚ್ಚಲೇಬೇಕು.

ಐಡಿಇ ಕೊಟ್ಟುಬಿಟ್ಟಿದ್ದರೆ ಇಷ್ಟೆಲ್ಲ ರಗಳೆಯೇ ಇರುತ್ತಿರಲಿಲ್ಲ ಎನ್ನುವವರೂ ಇದ್ದಾರೆ. ಬರೆಯಲು ಐಡಿಇ ಬೇಕೇ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಇಲ್ಲಿನ ಕೆಲಸ ಬರೆಯುವುದಾಗಿರಲಿಲ್ಲ, ಯಾರೋ ಬರೆದದ್ದನ್ನು ಬೇರೆ ಯಂತ್ರದಲ್ಲಿ ಪದೇ ಪದೇ ಓಡಿಸುವುದಾಗಿತ್ತು. ಐಡಿಇ ತನ್ನದೇ ಜಾವಾ ಆರಿಸಿಕೊಳ್ಳುತ್ತದೆ, ತನ್ನದೇ ಜಾಗದಲ್ಲಿ ನಿಲ್ಲುತ್ತದೆ, ತನ್ನದೇ ಕ್ಲಾಸ್‌ಪಾತ್ ಕಟ್ಟುತ್ತದೆ, ಅದಾವುದನ್ನೂ ಕೂಗಿ ಹೇಳುವುದಿಲ್ಲ. ಈ ಪ್ರೋಗ್ರಾಂ ಬರೆದವರ ಯಂತ್ರದಲ್ಲಿ ಎಲ್ಲ ಸರಿಯಿದ್ದು ಆಕೆಯ ಯಂತ್ರದಲ್ಲಿ ದತ್ತಾಂಶ ಸಿಗದಿದ್ದಕ್ಕೆ ಕಾರಣ ಅದೇ ಮೌನ. ಒಂದು ಸಲವಾದರೂ ಕೈಯಾರೆ ಕಂಪೈಲ್ ಮಾಡಿ ಓಡಿಸಿದವರಿಗೆ ಐಡಿಇ ಕೆಟ್ಟಾಗ ಎಲ್ಲಿ ನೋಡಬೇಕು ಎಂಬುದು ಗೊತ್ತಿರುತ್ತದೆ.

ಕೆಲವು ವಾರಗಳ ನಂತರ ಅದೇ ಆಕೆ ರಸ್ಟ್ ಭಾಷೆಯ ಒಂದು ಸಲಕರಣೆಯನ್ನು ಮೂಲ ಕೋಡಿನಿಂದ ಕಟ್ಟಲು ಹೋಗಿ, ‘ಲಿಂಕ್.ಇಎಕ್ಸ್‌ಇ ಎಂಬ ಲಿಂಕರ್ ಸಿಗಲಿಲ್ಲ’ ಎಂಬಲ್ಲಿ ನಿಂತಿದ್ದರು. ಸಂದೇಶದ ಜೊತೆ ಅವರು ಬರೆದದ್ದು: ‘ಹೇಳ್ತಿರೋದು ರಸ್ಟ್ ಕಂಪೈಲರ್, ಆದ್ರೆ ಇಲ್ದೇ ಇರೋದು ರಸ್ಟ್ ಅಲ್ಲ, ಬೇರೆ ಯಾವುದೋ ಪ್ರೋಗ್ರಾಂ. ಅದು ಯಾರ ಜೊತೆ ಬರುತ್ತೆ ಸರ್?’ ಸಿ++ ಬಿಲ್ಡ್ ಟೂಲ್ಸ್ ಜೊತೆ ಬರುತ್ತದೆ ಎಂದು ಒಂದೇ ಸಾಲಿನ ಉತ್ತರ ಕಳಿಸಿದೆ. ರಸ್ಟ್ ಮರುಸ್ಥಾಪಿಸುವ ಗೋಜಿಗೆ ಅವರು ಹೋಗಿರಲಿಲ್ಲ.

ಜಾವಾ ಪ್ರಕರಣದಲ್ಲಿ ಒಂದು ಬಾಕಿ ಉಳಿದಿದೆ. ಜಿಪ್ ಬಿಚ್ಚಿಟ್ಟ ಜೆಡಿಕೆ ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಜಾವಾಕ್ಕೆ ಭದ್ರತೆಯ ತಿದ್ದುಪಡಿಗಳು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳಲ್ಲಿ ಬರುತ್ತವೆ. ಪ್ರತಿ ಸಲ ಹೊಸ ಜಿಪ್ ಇಳಿಸಿ ಬಿಚ್ಚಬೇಕು, ಫೋಲ್ಡರಿನ ಹೆಸರಿನಲ್ಲಿ ಆವೃತ್ತಿಯ ಸಂಖ್ಯೆ ಇರುವುದರಿಂದ ಬ್ಯಾಚ್ ಫೈಲಿನ ಮೊದಲ ಸಾಲನ್ನೂ ತಿದ್ದಬೇಕು. ಆ ಸಾಲಿನ ಕೆಳಗೆ ‘ಜಾವಾ -ವರ್ಷನ್’, ‘ಜಾವಾಸಿ -ವರ್ಷನ್’ ಎರಡನ್ನೂ ಸೇರಿಸಿಕೊಂಡಿದ್ದಾರೆ, ಓಡುವ ಮುನ್ನ ಎರಡರ ಸಂಖ್ಯೆಯೂ ಪರದೆಯ ಮೇಲೆ ಬೀಳುವಂತೆ.